ಪಡುಗೋಡೆಯ ಬೂಷ್ಟು

ಮಳೆಗಾಲದ ಮಂಗಳೂರಿನಲ್ಲಿ ಬೂಷ್ಟು ಕಣ್ಣಿಗೆ ಬೀಳುವ ಮೊದಲು ಮೂಗಿಗೆ ಸಿಗುತ್ತದೆ. ಜೂನ್ ನಡುವಿನ ಹೊತ್ತಿಗೆ, ಮಳೆ ಹಿಡಿದು ಕೆಲವು ದಿನವಾಗಿರುವಾಗ, ಕಪಾಟಿನ ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಗೋಡೆಯ ಮೇಲೆ ಇನ್ನೂ ಒಂದು ಚುಕ್ಕೆಯೂ ಇರುವುದಿಲ್ಲ. ಶಿಲೀಂಧ್ರ ಬೆಳೆಯುವಾಗ ಹೊರಬಿಡುವ ಅನಿಲಗಳೇ ಆ ವಾಸನೆ. ಅಂದರೆ ಕಪಾಟಿನ ಬೆನ್ನಿಗೆ, ನಮ್ಮ ಕಣ್ಣು ತಲುಪದ ಕಡೆ, ಅದು ಆಗಲೇ ಊರಿಕೊಂಡಿದೆ.

ಹಕ್ಕಿ, ಚಿಟ್ಟೆಗಳಿಗೆಂದು ಇಟ್ಟುಕೊಂಡ ನನ್ನ ಟಿಪ್ಪಣಿ ಪುಸ್ತಕದಲ್ಲಿ, ನಾನು ಬಾಡಿಗೆಗಿರುವ ಮನೆಯ ಪಡುಗೋಡೆಗೂ ಪುಟಗಳಿವೆ. ಗೋಡೆ ಪಡುವಣಕ್ಕಿರುವುದು ಮುಖ್ಯ. ನೈರುತ್ಯ ಮಾರುತದ ಮಳೆ ಇಲ್ಲಿ ನೆಟ್ಟಗೆ ಬೀಳುವುದಿಲ್ಲ, ಕಡಲ ಕಡೆಯಿಂದ ಓರೆಯಾಗಿ ಬಂದು ಗೋಡೆಗೆ ಬಡಿಯುತ್ತದೆ. ಒಳಗಿರುವುದು ಕೆಂಪುಕಲ್ಲು, ನೀರು ಕುಡಿಯುವ ಕಲ್ಲು. ಹಳೆಯ ಹಂಚಿನ ಮನೆಗಳಲ್ಲೂ ಇದೇ ಕಲ್ಲು ಇತ್ತು. ಆದರೆ ಅಲ್ಲಿ ಸೂರು ಗೋಡೆಯಿಂದ ಬಹಳಷ್ಟು ಹೊರಗೆ ಚಾಚಿರುತ್ತಿತ್ತು, ಮಳೆಗೆ ಮುಂಚೆ ಮಡಲಿನ ತಟ್ಟಿ ಕಟ್ಟುತ್ತಿದ್ದರು, ಗಾರೆ ಸುಣ್ಣದ್ದಾಗಿತ್ತು, ಹಂಚಿನ ಸಂದಿಗಳಲ್ಲಿ ಗಾಳಿಯಾಡುತ್ತಿತ್ತು. ಕುಡಿದ ನೀರನ್ನು ಗೋಡೆ ಮತ್ತೆ ಬಿಟ್ಟುಕೊಡುತ್ತಿತ್ತು. ಈಗ ಮೇಲೆ ಸ್ಲ್ಯಾಬು, ಗೋಡೆಗೆ ಸಿಮೆಂಟು ಗಾರೆ, ಅದರ ಮೇಲೆ ಪ್ಲಾಸ್ಟಿಕ್ ಪೇಂಟು. ಬಿರುಕಿನಲ್ಲಿ ಒಳಹೊಕ್ಕ ನೀರಿಗೆ ಹೊರಡುವ ದಾರಿಯಿಲ್ಲ. ಬಣ್ಣದ ಹಿಂದೆ ನಿಂತು ಗುಳ್ಳೆ ಎಬ್ಬಿಸುತ್ತದೆ.

ಒದ್ದೆಯಾದ ಜಾಗ 24ರಿಂದ 48 ಗಂಟೆ ಒಣಗದೆ ಉಳಿದರೆ ಬೂಷ್ಟು ಮೊಳೆಯಲು ಅಷ್ಟೇ ಸಾಕು. ಬೀಜಕಣಗಳನ್ನು ಯಾರೂ ತಂದು ಹಾಕಬೇಕಾಗಿಲ್ಲ. ಅವು ಎಲ್ಲ ಮನೆಗಳ ಗಾಳಿಯಲ್ಲೂ ಸದಾ ತೇಲುತ್ತಿರುತ್ತವೆ. ಹೆಚ್ಚಿನವು 2ರಿಂದ 10 ಮೈಕ್ರಾನಿನವು, ಬರಿಗಣ್ಣಿಗೆ ಕಾಣದವು. ಆಹಾರಕ್ಕೂ ಕೊರತೆಯಿಲ್ಲ: ಬಣ್ಣದೊಳಗಿನ ಅಂಟು, ಗೋಡೆಗೆ ಕೂತ ಧೂಳು, ಪ್ಲೈವುಡ್, ನಮ್ಮ ಚರ್ಮದಿಂದ ಉದುರಿದ ಹೊಟ್ಟು. ಇಲ್ಲದಿದ್ದದ್ದು ನೀರು ಒಂದೇ. ಅದನ್ನು ಮಳೆಗಾಲ ಕೊಟ್ಟಿತು.

ಮೊದಲು ಕಂಡದ್ದು ಮೂಲೆಯಲ್ಲಿ, ಮಿಲಿಮೀಟರಿಗಿಂತ ಚಿಕ್ಕ ಚುಕ್ಕೆಗಳು. ಹತ್ತು ಪಟ್ಟು ಹಿಗ್ಗಿಸುವ ಮಸೂರ ಹಿಡಿದರೆ ಒಂದೊಂದೂ ಬಿಳಿ ಎಳೆಗಳ ಗೂಡು. ಎಳೆಗಳು ನಡುವಿನಿಂದ ಸುತ್ತಲೂ ಒಂದೇ ಸಮ ಹಬ್ಬುತ್ತವೆ, ಹಾಗಾಗಿ ಚುಕ್ಕೆ ದುಂಡಾಗಿಯೇ ಬೆಳೆಯುತ್ತದೆ. ವಾರ ಕಳೆದಂತೆ ನಡುಭಾಗಕ್ಕೆ ಬಣ್ಣ ಏರುತ್ತದೆ, ಅಂಚು ಬೆಳ್ಳಗೇ ಉಳಿಯುತ್ತದೆ: ನಡುವೆ ಬೀಜಕಣ ಬಲಿತಿದೆ, ಅಂಚಿನಲ್ಲಿ ಇನ್ನೂ ಬೆಳವಣಿಗೆ ನಡೆದಿದೆ. ಕಿಟಕಿಯ ಚೌಕಟ್ಟಿನಲ್ಲಿ ಕರಿಹಸಿರು ಬಣ್ಣದ್ದು ಹೆಚ್ಚಾಗಿ ಕ್ಲ್ಯಾಡೋಸ್ಪೋರಿಯಂ. ಚರ್ಮದ ಚಪ್ಪಲಿ, ಬೆಲ್ಟಿನ ಮೇಲೆ ಬೂದುಹಸಿರಿನ ಹುಡಿಯಾಗಿ ಕೂರುವುದು ಆಸ್ಪರ್ಜಿಲಸ್ ಇಲ್ಲವೇ ಪೆನಿಸಿಲಿಯಂ. ಬಣ್ಣ ನೋಡಿ ಜಾತಿ ಹೇಳುವುದು ಪ್ರಯೋಗಾಲಯದವರಿಗೂ ಆಗದ ಕೆಲಸ, ಆದ್ದರಿಂದ ಇಲ್ಲಿ ‘ಹೆಚ್ಚಾಗಿ’ ಎಂದಷ್ಟೇ ಬರೆಯುತ್ತೇನೆ.

ಜುಲೈ-ಆಗಸ್ಟಿನ ಆಟಿ ತಿಂಗಳಿಗೆ ಗೋಡೆಯ ಮೇಲೆ ಓಡಾಟ ಶುರುವಾಗುತ್ತದೆ. ಒಂದು ಮಿಲಿಮೀಟರ್ ಉದ್ದದ, ನಸುಬಿಳಿ ಬಣ್ಣದ, ರೆಕ್ಕೆಯಿಲ್ಲದ ಪುಸ್ತಕದ ಹೇನುಗಳು. ಹಳೇ ಪುಸ್ತಕಗಳಲ್ಲಿ ಕಾಣುವುದೂ ಇವೇ. ಇವು ಕಚ್ಚುವುದಿಲ್ಲ, ಬೂಷ್ಟನ್ನೇ ಮೇಯುತ್ತವೆ. ಗಾಳಿಯ ತೇವವನ್ನೇ ಮೈಗೆ ಹೀರಿಕೊಂಡು ಬದುಕುವ ಜೀವಿಗಳಾದ್ದರಿಂದ ಒಣ ಕೋಣೆಯಲ್ಲಿ ಹೆಚ್ಚು ದಿನ ಉಳಿಯಲಾರವು. ಅವು ಗುಂಪಾಗಿ ಕಂಡರೆ ತೇವ ಅಲ್ಲಿ ತಳವೂರಿದೆ ಎಂದೇ ಲೆಕ್ಕ. ಪಕ್ಕದಲ್ಲೇ ಸೌತೆ ಬೀಜದಂಥ ಬೂದು ಚೀಲವೊಂದು ಮೆಲ್ಲಗೆ ಸರಿಯುತ್ತದೆ. ಕರಾವಳಿಯ ಯಾವ ಮನೆಯವರಿಗೂ ಇದರ ಪರಿಚಯ ಇದ್ದೇ ಇರುತ್ತದೆ. ಅದರೊಳಗೆ ಪುಟ್ಟ ಪತಂಗದ ಹುಳವಿದೆ. ಚೀಲದ ಎರಡು ತುದಿಯೂ ತೆರೆದಿದ್ದು, ಬೇಕೆಂದ ಕಡೆಯಿಂದ ತಲೆ ಹೊರಹಾಕುತ್ತದೆ. ಜೇಡರ ಬಲೆ, ಉದುರಿದ ಕೂದಲು ಅದರ ಊಟ. ಇವನ್ನೆಲ್ಲ ಹಿಡಿಯಲು ರಾತ್ರಿ ಹಲ್ಲಿ ಇಳಿಯುತ್ತದೆ. ಒದ್ದೆ ಗೋಡೆಯಷ್ಟು ತುಂಬಿದ ಜೀವಜಗತ್ತು ಮನೆಯೊಳಗೆ ಬೇರೆಲ್ಲೂ ನನಗೆ ಸಿಕ್ಕಿಲ್ಲ. ಆದರೆ ಅದೇ ಕೋಣೆಯಲ್ಲಿ ಮಕ್ಕಳು ಮಲಗುತ್ತಾರೆ.

ಗೋಡೆ ತೋರಿಸಿದಾಗ ಮನೆ ಓನರ್ ಹೇಳುವುದು ಊರೂರಿಗೂ ಒಂದೇ ಮಾತು. “ನೀವು ಕಿಟಕಿ ತೆಗೆಯುವುದೇ ಇಲ್ಲ ಮಾರಾಯ್ರೆ, ಒಳಗೇ ಬಟ್ಟೆ ಒಣಗಿಸ್ತೀರಿ, ಮತ್ತೆ ಬೂಷ್ಟು ಬಾರದೆ ಇರ್ತದಾ?” ಈ ಮಾತಿನಲ್ಲಿ ನಿಜವೂ ಇರಬಹುದು, ಇಲ್ಲದೆಯೂ ಇರಬಹುದು. ತೀರ್ಮಾನ ಗೋಡೆಯಲ್ಲೇ ಬರೆದಿರುತ್ತದೆ, ಓದಲು ತಾಳ್ಮೆ ಬೇಕು. ನೆಲದಿಂದ ಮೇಲೇರಿದ ತೇವ ಗೋಡೆಯ ಬುಡದಲ್ಲಿ, ಸಾಮಾನ್ಯವಾಗಿ ಒಂದು ಮೀಟರಿನೊಳಗೆ, ಅಡ್ಡಗೆರೆಯಾಗಿ ನಿಲ್ಲುತ್ತದೆ. ಅಲ್ಲಿ ಬೂಷ್ಟಿಗಿಂತ ಬಿಳಿ ಉಪ್ಪೇ ಹೆಚ್ಚು. ಪೈಪು ಅಥವಾ ಸ್ಲ್ಯಾಬು ಸೋರಿದರೆ ಕಂದು ಅಂಚಿನ ಕಲೆ ಬೀಳುತ್ತದೆ, ಮಳೆ ಬಂದ ಮಾರನೇ ದಿನ ಅದು ದೊಡ್ಡದಾಗುತ್ತದೆ. ಒಳಗಿನ ಉಸಿರು, ಅಡುಗೆ, ಒದ್ದೆ ಬಟ್ಟೆಯ ಆವಿಯಿಂದ ಬಂದ ಬೂಷ್ಟಾದರೆ ಮೂಲೆಗಳಲ್ಲಿ, ಕಪಾಟಿನ ಹಿಂದೆ ಚದುರಿದ ಚುಕ್ಕೆಗಳಾಗಿರುತ್ತದೆ, ಸೋರಿಕೆಯ ಕಲೆ ಇರುವುದಿಲ್ಲ. ಅನುಮಾನವಿದ್ದರೆ ಒಂದು ಅಡಿ ಅಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು, ಮೇಲ್ಮೈ ಒರೆಸಿ ಒಣಗಿಸಿದ ಗೋಡೆಗೆ ನಾಲ್ಕೂ ಕಡೆ ಟೇಪು ಹಾಕಿ ಅಂಟಿಸಿ, ಎರಡು ದಿನ ಬಿಡಿ. ಹನಿ ಹಾಳೆಯ ಹಿಂಬದಿಗೆ ಕೂತರೆ ನೀರು ಗೋಡೆಯೊಳಗಿನದು, ಮುಂಬದಿಗೆ ಕೂತರೆ ಕೋಣೆಯದು.

ಈ ಓದು ಏಕೆ ಬೇಕೆಂದು ಇಂಗ್ಲೆಂಡಿನ ರಾಚ್‌ಡೇಲ್ ಊರಿನ ಘಟನೆ ಹೇಳುತ್ತದೆ. ಅಲ್ಲಿನ ಒಂದು ಫ್ಲಾಟಿನಲ್ಲಿ ಬೂಷ್ಟು ಹಬ್ಬಿದೆಯೆಂದು ಬಾಡಿಗೆದಾರರು 2017ರಲ್ಲೇ ತಿಳಿಸಿದ್ದರು. ಬಣ್ಣ ಬಳಿದುಕೊಳ್ಳಿ ಎಂಬ ಉತ್ತರ ಬಂತು. 2020ರ ಡಿಸೆಂಬರಿನಲ್ಲಿ ಆ ಮನೆಯ ಎರಡು ವರ್ಷದ ಮಗು ಆವಾಬ್ ಇಶಾಕ್ ತೀರಿಕೊಂಡ. ಬಹುಕಾಲ ಬೂಷ್ಟಿನ ಗಾಳಿ ಸೇವಿಸಿ ಬಂದ ತೀವ್ರ ಉಸಿರಾಟದ ಕಾಯಿಲೆಯೇ ಸಾವಿಗೆ ಕಾರಣವೆಂದು 2022ರ ನವೆಂಬರಿನಲ್ಲಿ ಮರಣ ವಿಚಾರಣಾಧಿಕಾರಿ ಹೇಳಿದರು. ಮನೆಯವರ ರೀತಿನೀತಿಯ ಬಗ್ಗೆ ತಾವು ತಪ್ಪು ಊಹೆ ಮಾಡಿಕೊಂಡಿದ್ದೆವೆಂದು ಮನೆ ಕೊಟ್ಟ ಸಂಸ್ಥೆ ಆಮೇಲೆ ಒಪ್ಪಿತು. ಆ ಮಗುವಿನ ಹೆಸರಿನ ಕಾನೂನು 2025ರ ಅಕ್ಟೋಬರ್ 27ರಿಂದ ಅಲ್ಲಿನ ಸಾಮಾಜಿಕ ವಸತಿಗೆ ಜಾರಿಯಾಗಿದೆ: ಗಂಭೀರ ತೇವ, ಬೂಷ್ಟಿನ ದೂರು ಬಂದರೆ 10 ಕೆಲಸದ ದಿನಗಳೊಳಗೆ ತಪಾಸಣೆ, ಅಪಾಯ ಖಚಿತವಾದ ಮೇಲೆ 5 ಕೆಲಸದ ದಿನಗಳೊಳಗೆ ಮನೆ ಸುರಕ್ಷಿತವಾಗಬೇಕು, ತುರ್ತಾದರೆ 24 ಗಂಟೆ. ಖಾಸಗಿ ಮನೆಗಳಲ್ಲಿ ಬಾಡಿಗೆಗಿರುವ ಅಲ್ಲಿನ ಕನ್ನಡಿಗರಿಗೆ, ಮನೆ ವಾಸಕ್ಕೆ ಯೋಗ್ಯವಾಗಿರಲೇಬೇಕೆನ್ನುವ 2018ರ ಕಾಯ್ದೆ ಇದೆ.

ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ತೇವ ಮತ್ತು ಬೂಷ್ಟಿನ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ಉಬ್ಬಸ, ಬಿಡದ ಕೆಮ್ಮು, ಸೀನು, ಉಸಿರಾಟದ ಸೋಂಕು ಇಂಥ ಮನೆಗಳಲ್ಲಿ ಹೆಚ್ಚೆಂಬುದು ಅದರ ಸಾರ. ಅಸ್ತಮಾ ಇರುವವರಿಗೆ ಆಸ್ಪರ್ಜಿಲಸ್ ಅಲರ್ಜಿ ಶ್ವಾಸಕೋಶವನ್ನೇ ಕೆಡಿಸಬಲ್ಲದು. ಕೀಮೋಥೆರಪಿ ಪಡೆಯುತ್ತಿರುವವರು, ಅಂಗಾಂಗ ಕಸಿಯಾದವರು ಆ ಕೋಣೆಯಲ್ಲಿ ಇರಲೇಬಾರದು. 2021ರಲ್ಲಿ ಕೋವಿಡ್ ಜೊತೆ ಬಂದ ‘ಬ್ಲ್ಯಾಕ್ ಫಂಗಸ್’ ಬೇರೆ ಗುಂಪಿನದು. ಗೋಡೆಯ ಕಪ್ಪು ಕಂಡು ಆ ಭಯ ಬೇಡ. ಮನೆಯಿಂದ ಹೊರಗೆ ಹೋದಾಗ ಕೆಮ್ಮು ಇಳಿದು, ಮನೆಗೆ ಮರಳಿದ ಕೂಡಲೇ ಏರುತ್ತಿದ್ದರೆ ಅದನ್ನು ವೈದ್ಯರಿಗೆ ಹೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ.

ನಮ್ಮಲ್ಲಿ ಬೂಷ್ಟಿಗೆಂದೇ ಕಾನೂನಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ದಾಟಿದ ಮನೆಗಳಿಗೆ ಅನ್ವಯಿಸದು. ಇವತ್ತಿನ ಬಾಡಿಗೆಯಲ್ಲಿ ಅದರೊಳಗೆ ಉಳಿಯುವ ಮನೆ ಎಷ್ಟಿದ್ದಾವು? ಉಳಿದವರಿಗೆ ಆಸರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್. ಸಾಮಾನ್ಯ ಎಚ್ಚರದಿಂದ ಬಾಡಿಗೆದಾರ ಕಂಡುಹಿಡಿಯಲಾಗದ, ತನಗೆ ಗೊತ್ತಿರುವ ದೊಡ್ಡ ದೋಷವನ್ನು ಮಾಲೀಕ ಮೊದಲೇ ಹೇಳಬೇಕು. ಮಾರ್ಚ್ ತಿಂಗಳಲ್ಲಿ ಒಂದೇ ಗೋಡೆಗೆ ಹೊಸ ಬಣ್ಣ ಬಳಿದು ಮನೆ ತೋರಿಸುವವರಿಗೆ ಈ ಮಾತು ತಾಗುತ್ತದೆ. ಮಾಲೀಕ ಮಾಡಿಸಲೇಬೇಕಾದ ರಿಪೇರಿಯನ್ನು ನೋಟಿಸು ಕೊಟ್ಟ ಮೇಲೂ ತಕ್ಕ ಸಮಯದೊಳಗೆ ಮಾಡಿಸದಿದ್ದರೆ ಬಾಡಿಗೆದಾರನೇ ಮಾಡಿಸಿ, ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. ಆದರೆ ‘ಮಾಡಿಸಲೇಬೇಕಾದ’ ಎಂಬಲ್ಲಿ ಎಲ್ಲವೂ ನಿಂತಿದೆ. ಕರಾರುಪತ್ರದಲ್ಲಿ ಆ ಹೊಣೆ ಬರೆದಿಲ್ಲದಿದ್ದರೆ ಈ ಹಕ್ಕು ಬಹಳ ತೆಳು. 2021ರ ಮಾದರಿ ಬಾಡಿಗೆ ಕಾಯ್ದೆ ಕಟ್ಟಡದ ರಿಪೇರಿ, ಸುಣ್ಣಬಣ್ಣ, ಪೈಪು ಬದಲಾವಣೆಯನ್ನು ಮಾಲೀಕನ ತಲೆಗೇ ಹಾಕುತ್ತದೆ, ವಾಸದ ಮನೆಯ ಅಡ್ವಾನ್ಸನ್ನು ಎರಡು ತಿಂಗಳ ಬಾಡಿಗೆಗೆ ಮಿತಿಗೊಳಿಸುತ್ತದೆ. ರಾಜ್ಯ ಅದನ್ನು ತನ್ನ ಕಾಯ್ದೆಯಾಗಿ ತಂದರೆ ಮಾತ್ರ ಅದಕ್ಕೆ ಬಲ. ತರಬೇಕೆಂದು ನನ್ನ ಒತ್ತಾಯ.

ಸಿಟ್ಟಿಗೆ ಬಾಡಿಗೆ ನಿಲ್ಲಿಸಬೇಡಿ. ಬಾಕಿಯೇ ಮನೆ ಬಿಡಿಸಲು ನೆಪವಾಗುತ್ತದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಆದಾಯ ಎಷ್ಟಿದ್ದರೂ ವಕೀಲರ ನೆರವು ಉಚಿತ. ಬೂಷ್ಟನ್ನು ಒಣ ಪೊರಕೆಯಿಂದ ಉಜ್ಜಬೇಡಿ, ಬೀಜಕಣ ಮನೆಯೆಲ್ಲ ಹಾರುತ್ತದೆ. ಎನ್95 ಮಾಸ್ಕ್ ಹಾಕಿ, ಕಿಟಕಿ ತೆಗೆದು, ಸೋಪಿನ ನೀರಿನ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಬ್ಲೀಚಿಂಗ್ ಪೌಡರಿಗೆ ಬಾತ್‌ರೂಮ್ ಆಸಿಡ್ ಬೆರೆಸಿದರೆ ಏಳುವುದು ಕ್ಲೋರಿನ್ ವಿಷಾನಿಲ. ನೀರಿನ ದಾರಿ ಮುಚ್ಚದೆ ಮೇಲೆ ಬಣ್ಣ ಹೊಡೆದರೆ ಮುಂದಿನ ಮಳೆಗೆ ಬೂಷ್ಟು ಅದೇ ಜಾಗದಲ್ಲಿ ಹಾಜರು.

ಒರೆಸುವ ಮೊದಲು ಮಾತ್ರ ಫೋಟೋ ತೆಗೆಯಿರಿ, ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು. ತಾರೀಕು, ಅಂದಿನ ಮಳೆ, ಕಲೆಯ ಅಗಲ, ಮನೆಯವರ ಕೆಮ್ಮು, ಓನರಿಗೆ ಹೇಳಿದ ದಿನ, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಹೇಳುವುದನ್ನು ವಾಟ್ಸ್ಆ್ಯಪ್‌ನಲ್ಲೋ ರಿಜಿಸ್ಟರ್ಡ್ ಪೋಸ್ಟಿನಲ್ಲೋ ಹೇಳಿ. ಮನೆ ಬಿಡುವಾಗ ಪೇಂಟಿಂಗ್ ಎಂದು ಅಡ್ವಾನ್ಸಿನಲ್ಲಿ ಮುರಿದುಕೊಳ್ಳಲು ಬಂದವರ ಮುಂದೆ ಆ ನೋಟ್‌ಬುಕ್ ಇಡಿ. ಮುಂದಿನ 11 ತಿಂಗಳ ಕರಾರಿಗೆ ಸಹಿ ಹಾಕುವ ಮುಂಚೆ, ಸೋರಿಕೆ ಮತ್ತು ಗೋಡೆಯ ತೇವದ ರಿಪೇರಿ ಮಾಲೀಕರದ್ದು, ತಿಳಿಸಿದ ಇಂತಿಷ್ಟು ದಿನಗಳೊಳಗೆ ಮಾಡಿಸಬೇಕು ಎಂಬ ಸಾಲನ್ನು ತಪ್ಪದೆ ಬರೆಸಿಕೊಳ್ಳಿ.