ಸ್ವಂತ ಬಾವುಟದಡಿ ಕೊಸೊವೊದ ಮೊದಲ ಕ್ರೀಡಾಕೂಟ

ರಾಜ್ಯಶಾಸ್ತ್ರದ ತರಗತಿಯಲ್ಲಿ ನಾವೆಲ್ಲ ರಾಜ್ಯದ ಮೂಲಾಂಶಗಳನ್ನು ಬಾಯಿಪಾಠ ಮಾಡುತ್ತೇವೆ: ಜನಸಂಖ್ಯೆ, ಭೂಪ್ರದೇಶ, ಸರ್ಕಾರ, ಪರಮಾಧಿಕಾರ. ಈ ನಾಲ್ಕೂ ತನಗಿವೆ ಎನ್ನುವ ಒಂದು ದೇಶವನ್ನು ಬೇರೆ ದೇಶಗಳು ಒಪ್ಪದಿದ್ದರೆ ಅಲ್ಲಿನ ಆಟಗಾರರು ಯಾರ ಪರವಾಗಿ ಆಡಬೇಕು? ಕೊಸೊವೊದ ಕಥೆ ಓದಿದಾಗ ನನಗೆ ಇದಕ್ಕೆ ಉತ್ತರ ಸಿಕ್ಕಿತು.

ಕೊಸೊವೊ ಆಗ್ನೇಯ ಯುರೋಪಿನ ಪುಟ್ಟ ದೇಶ. ವಿಸ್ತೀರ್ಣ ಸುಮಾರು 10,900 ಚದರ ಕಿ.ಮೀ., ಅಂದರೆ ನಮ್ಮ ಬೆಳಗಾವಿ ಜಿಲ್ಲೆಗಿಂತ ಚಿಕ್ಕದು. ಅಲ್ಲಿನ ಬಹುಪಾಲು ಜನರು ಅಲ್ಬೇನಿಯನ್ ಭಾಷೆಯಾಡುವ ಮುಸ್ಲಿಮರು. 1998-99ರ ಯುದ್ಧದ ನಂತರ ವಿಶ್ವಸಂಸ್ಥೆಯ ಆಡಳಿತದಲ್ಲಿದ್ದ ಈ ನಾಡು 2008ರ ಫೆಬ್ರವರಿ 17ರಂದು ಸರ್ಬಿಯಾದಿಂದ ಸ್ವಾತಂತ್ರ್ಯ ಘೋಷಿಸಿಕೊಂಡಿತು. ಅಮೆರಿಕ, ಬ್ರಿಟನ್, ಟರ್ಕಿ ಬೇಗನೆ ಮಾನ್ಯತೆ ಕೊಟ್ಟವು. ಸರ್ಬಿಯಾ, ರಷ್ಯಾ, ಚೀನಾ ಕೊಡಲಿಲ್ಲ. ಭಾರತವೂ ಕೊಟ್ಟಿಲ್ಲ. ವಿಶ್ವಸಂಸ್ಥೆಯ ಸದಸ್ಯತ್ವವೂ ಕೊಸೊವೊಗೆ ಸಿಕ್ಕಿಲ್ಲ.

ಇದರ ಬಿಸಿ ತಟ್ಟಿದ್ದು ಕ್ರೀಡಾಪಟುಗಳಿಗೆ. ಜುಡೊ ಆಟಗಾರ್ತಿ ಮಾಯ್ಲಿಂಡಾ ಕೆಲ್ಮೆಂಡಿ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅಲ್ಬೇನಿಯಾ ಪರವಾಗಿ ಆಡಬೇಕಾಯಿತು. 2013ರಲ್ಲಿ ಕೊಸೊವೊ ಹೆಸರಿನಲ್ಲೇ ಆಡಿ ವಿಶ್ವ ಚಾಂಪಿಯನ್ ಆದರು. ಆದರೆ ಮರುವರ್ಷ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ರಷ್ಯಾದಲ್ಲಿ. ಅಲ್ಲಿ ಅವರು ಅಂತರರಾಷ್ಟ್ರೀಯ ಜುಡೊ ಒಕ್ಕೂಟದ ಬಾವುಟದಡಿ ಸ್ಪರ್ಧಿಸಿ ಮತ್ತೆ ಚಿನ್ನ ಗೆದ್ದರು. ಒಬ್ಬರೇ ಆಟಗಾರ್ತಿ, ಮೂರು ವರ್ಷಗಳಲ್ಲಿ ಮೂರು ಬಾವುಟ!

ಇಲ್ಲಿ ನಾವು ತಿಳಿಯಬೇಕಾದ ವಿಷಯವೆಂದರೆ, ಮಾನ್ಯತೆ ಎರಡು ಬಗೆಯದು. ಒಂದನ್ನು ಸರ್ಕಾರಗಳು ಕೊಡುತ್ತವೆ, ಇನ್ನೊಂದನ್ನು ಕ್ರೀಡಾ ಸಂಸ್ಥೆಗಳು. ಒಂದು ದೇಶದ ಒಲಿಂಪಿಕ್ ಸಮಿತಿಗೆ ಮಾನ್ಯತೆ ಬೇಕಾದರೆ ಅಲ್ಲಿನ ಕನಿಷ್ಠ ಐದು ಕ್ರೀಡಾ ಒಕ್ಕೂಟಗಳು ಆಯಾ ಅಂತರರಾಷ್ಟ್ರೀಯ ಒಕ್ಕೂಟಗಳ ಸದಸ್ಯತ್ವ ಪಡೆದಿರಬೇಕು. ಕೊಸೊವೊ ಈ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿತು. 2014ರ ಡಿಸೆಂಬರ್ 9ರಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಅದಕ್ಕೆ ಪೂರ್ಣ ಮಾನ್ಯತೆ ನೀಡಿತು.

ಆರು ತಿಂಗಳ ನಂತರ, 2015ರ ಜೂನ್‌ನಲ್ಲಿ, ಅಜರ್‌ಬೈಜಾನ್‌ನ ರಾಜಧಾನಿ ಬಾಕುವಿನಲ್ಲಿ ಮೊದಲ ಯುರೋಪಿಯನ್ ಗೇಮ್ಸ್ ನಡೆಯಿತು. ಹಲವು ಕ್ರೀಡೆಗಳ ಕೂಟವೊಂದರಲ್ಲಿ ಕೊಸೊವೊ ಭಾಗವಹಿಸಿದ್ದು ಅದೇ ಮೊದಲು. ವಿಶೇಷ ಏನೆಂದರೆ, ಅಜರ್‌ಬೈಜಾನ್ ಸಹ ಮುಸ್ಲಿಂ ಬಹುಸಂಖ್ಯಾತ ದೇಶವೇ ಆದರೂ ಅದು ಕೊಸೊವೊಗೆ ಮಾನ್ಯತೆ ಕೊಟ್ಟಿಲ್ಲ. ನಗೋರ್ನೊ-ಕರಬಾಖ್ ಪ್ರದೇಶದ ವಿವಾದ ಅದಕ್ಕೂ ಇತ್ತು. ಪ್ರತ್ಯೇಕತೆಯನ್ನು ಒಪ್ಪುವುದು ಅದಕ್ಕೆ ಕಷ್ಟ. ಮಾನ್ಯತೆಯ ವಿಷಯದಲ್ಲಿ ಧರ್ಮಕ್ಕಿಂತ ರಾಷ್ಟ್ರೀಯ ಹಿತಾಸಕ್ತಿಯೇ ಮುಖ್ಯ ಎನ್ನುವುದಕ್ಕೆ ಇದು ಒಳ್ಳೆಯ ಉದಾಹರಣೆ. ಹಾಗಿದ್ದರೂ ಕೊಸೊವೊ ತಂಡ ಅಲ್ಲಿ ತನ್ನದೇ ಹೆಸರಿನಲ್ಲಿ, ತನ್ನದೇ ಬಾವುಟದೊಂದಿಗೆ ಆಡಿತು. ಮಹಿಳೆಯರ 57 ಕೆ.ಜಿ. ಜುಡೊದಲ್ಲಿ ನೋರಾ ಜಾಕೋವಾ ಕಂಚು ಗೆದ್ದರು. ಆ ಕೂಟದಲ್ಲಿ ಕೊಸೊವೊಗೆ ಬಂದದ್ದು ಅದೊಂದೇ ಪದಕ.

ಆ ಒಂದು ಕಂಚು ಬರೀ ಆರಂಭವಾಗಿತ್ತು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಕೆಲ್ಮೆಂಡಿ ಕೊಸೊವೊಗೆ ಮೊದಲ ಚಿನ್ನ ತಂದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅದೇ ನೋರಾ ಮತ್ತು ಡಿಸ್ಟ್ರಿಯಾ ಕ್ರಾಸ್ನಿಕಿ ಚಿನ್ನ ಗೆದ್ದರು. ಈ ಮೂವರನ್ನೂ ಪೇಯಾ ಎಂಬ ಪಟ್ಟಣದಲ್ಲಿ ತಯಾರು ಮಾಡಿದವರು ಒಬ್ಬರೇ ತರಬೇತುದಾರ, ಡ್ರಿಟೊನ್ ಕುಕಾ. ಸ್ವತಃ ಜುಡೊ ಪಟುವಾಗಿದ್ದ ಕುಕಾ ಅವರ ಒಲಿಂಪಿಕ್ ಕನಸು 1990ರ ದಶಕದ ಸಂಘರ್ಷದಲ್ಲಿ ಕಮರಿಹೋಗಿತ್ತು.

ಆದರೆ ಕ್ರೀಡಾ ಸಂಸ್ಥೆಗಳ ಮಾನ್ಯತೆಗೂ ಮಿತಿಯಿದೆ. ವೀಸಾ ಕೊಡುವುದು ಸರ್ಕಾರಗಳ ಕೈಯಲ್ಲಿದೆ. 2018ರಲ್ಲಿ ನವದೆಹಲಿಯಲ್ಲಿ ಮಹಿಳೆಯರ ವಿಶ್ವ ಬಾಕ್ಸಿಂಗ್ ಚಾಂಪಿಯನ್‌ಷಿಪ್ ನಡೆದಾಗ ಕೊಸೊವೊದ ದೊಂಜೆಟಾ ಸದಿಕು ಅವರಿಗೆ ಭಾರತದ ವೀಸಾ ಸಿಗದೆ ಆಡಲಾಗಲಿಲ್ಲ. ವಿದೇಶಾಂಗ ನೀತಿಗೆ ಅದರದೇ ಕಾರಣಗಳಿರಬಹುದು. ಆದರೆ ವರ್ಷಗಟ್ಟಲೆ ಬೆವರು ಸುರಿಸಿದ ಹುಡುಗಿಯೊಬ್ಬಳು ರಿಂಗ್‌ಗೆ ಇಳಿಯದೆಯೇ ಸೋಲುವುದು ನನಗೆ ನ್ಯಾಯವೆನಿಸುವುದಿಲ್ಲ. ಗಡಿಗಳ ಬಗ್ಗೆ ದೇಶಗಳು ವಾದಿಸುತ್ತಿರಲಿ, ಆಟಗಾರರಿಗೆ ಅಂಕಣದ ಬಾಗಿಲು ಮಾತ್ರ ತೆರೆದಿರಬೇಕು. ಬಾಕುವಿನಲ್ಲಿ ಅದು ಸಾಧ್ಯವಾಯಿತು, ಬೇರೆಡೆಯೂ ಆಗಬಲ್ಲದು.