ಸಿಮ್ಯುಲೇಟರಿನ ಆಡ್-ಆನ್‌ಗೆ ಹಣ ಕೊಡಬೇಕೇ? ಪೋಷಕರು ತಿಳಿದಿರಬೇಕಾದ ಸಂಗತಿಗಳು

ಹತ್ತನೆಯ ತರಗತಿಯಲ್ಲಿ ಓದುವ ಮಗ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರ್ ನಡೆಸುತ್ತಾನೆ. ಈಗ ಅದಕ್ಕೊಂದು ಆಡ್-ಆನ್ ಬೇಕೆಂದೂ ಸುಮಾರು ಮೂರು ಸಾವಿರ ರೂಪಾಯಿ ಆಗುತ್ತದೆಂದೂ ಹಟ ಹಿಡಿದಿದ್ದಾನೆ. ಕೊಡಿಸಬೇಕೇ, ಬೇಡವೇ? ಪೋಷಕರ ಸಭೆ ಮುಗಿದ ಬಳಿಕ ಅಡಿಕೆ ಕೃಷಿಕರೊಬ್ಬರು ಕೇಳಿದ ಪ್ರಶ್ನೆ ಇದು. ಹಣದ ಚಿಂತೆಗಿಂತ ದೊಡ್ಡದಾದ ಇನ್ನೊಂದು ಅಳುಕು ಅವರ ಮಾತಿನಲ್ಲಿತ್ತು. ಹುಡುಗನಿಗೆ ಪೈಲಟ್ ಆಗುವ ಆಸೆಯಿದೆ. ಇದನ್ನು ನಿರಾಕರಿಸಿದರೆ ಅವನ ದಾರಿಗೆ ತಾವೇ ಅಡ್ಡಬಂದಂತಾಗುವುದೋ ಎಂಬ ಅಳುಕು ಅದು. ಇಂತಹ ಮನೆಗಳು ನಮ್ಮಲ್ಲಿ ಹೆಚ್ಚುತ್ತಿರುವುದರಿಂದ ವಿಷಯವನ್ನು ತುಸು ವಿವರವಾಗಿಯೇ ನೋಡೋಣ.

ಸಿಮ್ಯುಲೇಟರಿಗೆ ಮಾರಾಟವಾಗುವ ಆಡ್-ಆನ್‌ಗಳಲ್ಲಿ ಬಹುಪಾಲು ಹೊಸ ವಿಮಾನಗಳು ಮತ್ತು ವಿಮಾನ ನಿಲ್ದಾಣಗಳ ದೃಶ್ಯಗಳು. ಅವುಗಳ ಪ್ರಯೋಜನ ಕಣ್ಣಿಗೆ ಕಾಣುತ್ತದೆ. ಯುಟಿಲಿಟಿ ಎಂದು ಕರೆಯಲಾಗುವವು ಹಾಗಲ್ಲ. ಅವು ತೆರೆಯ ಮೇಲೆ ಹೊಸದೇನನ್ನೂ ತೋರಿಸದೆ ಹಿನ್ನೆಲೆಯಲ್ಲಿ ದುಡಿಯುವ ಸಹಾಯಕ ತಂತ್ರಾಂಶಗಳು. ಜಾಯ್‌ಸ್ಟಿಕ್‌ನ ಹೊಂದಾಣಿಕೆ, ಮಾರ್ಗದ ನಕ್ಷೆ, ಹವಾಮಾನ, ಬೇರೆ ತಂತ್ರಾಂಶಗಳೊಡನೆ ಸಂಪರ್ಕ ಇವೆಲ್ಲ ಅವುಗಳ ಕೆಲಸ. ಕಾಣದ ಕೆಲಸಕ್ಕೆ ಹಣ ಕೊಡುವಾಗಲೇ ಹೆಚ್ಚು ವಿಚಾರ ಮಾಡಬೇಕಾಗುತ್ತದೆ.

ಈ ವರ್ಗದಲ್ಲಿ ಹಳೆಯ, ಹೆಸರಾಂತ ಉದಾಹರಣೆಯೊಂದು ಎಫ್‌ಎಸ್‌ಯುಐಪಿಸಿ. ಪೀಟ್ ಡೌಸನ್ ಎಂಬವರು ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿಗಾಗಿ ರೂಪಿಸಿದ ತಂತ್ರಾಂಶವಿದು. ಸಿಮ್ಯುಲೇಟರ್ ನಡೆಯುತ್ತಿರುವಾಗ ಅದರೊಳಗೆ ಎತ್ತರ, ವೇಗ, ಇಂಧನ, ರೆಕ್ಕೆಯ ಫ್ಲಾಪ್‌ನ ಸ್ಥಿತಿ ಮುಂತಾದ ನೂರಾರು ಮೌಲ್ಯಗಳು ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತವೆ. ಹೊರಗಿನ ಇನ್ನೊಂದು ತಂತ್ರಾಂಶಕ್ಕೆ ಆ ಮೌಲ್ಯಗಳನ್ನು ಓದಲು, ಬೇಕಿದ್ದರೆ ಬದಲಿಸಲು ಒಂದು ಕಿಟಕಿ ಬೇಕು. ಆ ಕಿಟಕಿಯನ್ನು ಇದು ಒದಗಿಸುತ್ತದೆ.

ಇಲ್ಲಿಯೇ ಪೋಷಕರು ಗಮನಿಸಬೇಕಾದ ಸಂಗತಿಯೊಂದಿದೆ. ಆ ಕಿಟಕಿ ಉಚಿತ. ನೋಂದಣಿ ಮಾಡದೆಯೇ ತಂತ್ರಾಂಶವನ್ನು ಇಳಿಸಿಕೊಂಡು, ಅದನ್ನು ಅವಲಂಬಿಸಿರುವ ಬೇರೆ ತಂತ್ರಾಂಶಗಳನ್ನು ನಡೆಸಬಹುದು. ಹಣ ಕೊಟ್ಟು ನೋಂದಣಿ ಮಾಡಿದವರಿಗೆ ದೊರೆಯುವುದು ಜಾಯ್‌ಸ್ಟಿಕ್ ಮತ್ತು ಪೆಡಲ್‌ಗಳ ಸೂಕ್ಷ್ಮ ಹೊಂದಾಣಿಕೆ, ಪ್ರತಿ ವಿಮಾನಕ್ಕೂ ಬೇರೆ ಬೇರೆ ಗುಂಡಿಗಳ ವ್ಯವಸ್ಥೆ, ಮ್ಯಾಕ್ರೋಗಳು, ಲುವಾ ಭಾಷೆಯಲ್ಲಿ ಬರೆದ ಪುಟ್ಟ ಪ್ರೋಗ್ರಾಂಗಳನ್ನು ನಡೆಸುವ ಅವಕಾಶ. ಎರಡು ಮೂರು ನಿಯಂತ್ರಣ ಸಾಧನಗಳನ್ನು ಜೋಡಿಸಿಕೊಂಡು ಮನೆಯಲ್ಲೊಂದು ಕಾಕ್‌ಪಿಟ್ ಕಟ್ಟುವವರಿಗೆ ಇವು ನಿಜಕ್ಕೂ ಉಪಯುಕ್ತ. ಕೀಬೋರ್ಡ್ ಮತ್ತು ಒಂದೇ ಒಂದು ಜಾಯ್‌ಸ್ಟಿಕ್ ಇರುವ ಹುಡುಗನಿಗೆ ಇವುಗಳಲ್ಲಿ ಹೆಚ್ಚಿನವು ಬೇಕಾಗುವುದಿಲ್ಲ. ಕೈಬಿಟ್ಟರೂ ವಿಮಾನ ಒಂದು ಕಡೆಗೆ ವಾಲುತ್ತಿದೆ ಎಂಬ ಸಾಮಾನ್ಯ ದೂರಿಗೆ ಸಿಮ್ಯುಲೇಟರಿನ ಸೆಟ್ಟಿಂಗ್‌ನಲ್ಲಿಯೇ ಡೆಡ್ ಝೋನ್ ಎಂಬ ಪರಿಹಾರವಿದೆ. ಅದನ್ನು ಸ್ವಲ್ಪ ಹೆಚ್ಚಿಸಿದರೆ ಬಹಳಷ್ಟು ಸಲ ತೊಂದರೆ ನಿಲ್ಲುತ್ತದೆ.

ಕೈಯಿಂದ ಏನಾದರೂ ಮಾಡುವ ಉತ್ಸಾಹ ಮಗುವಿಗಿದ್ದರೆ ಮೊಬಿಫ್ಲೈಟ್ ಎಂಬ ಮುಕ್ತ ತಂತ್ರಾಂಶವನ್ನು ನೋಡಬಹುದು. ಆರ್ಡುಯಿನೋ ಫಲಕಕ್ಕೆ ಸ್ವಿಚ್ಚು, ಎಲ್‌ಇಡಿ ದೀಪ ಜೋಡಿಸಿ ಸಿಮ್ಯುಲೇಟರಿಗೆ ಸಂಪರ್ಕಿಸುವ ಕೆಲಸವನ್ನು ಅದು ಉಚಿತವಾಗಿ ಮಾಡಿಕೊಡುತ್ತದೆ. ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಯಾದರೆ ಫಲಕವೂ ಅಲ್ಲಿಯೇ ಸಿಕ್ಕೀತು. ಮೂರು ಸಾವಿರದ ಪರವಾನಗಿಗಿಂತ ಮುನ್ನೂರು ರೂಪಾಯಿಯ ಸ್ವಿಚ್ಚು ತಂತಿಗಳಿಂದ ಮಗು ಹೆಚ್ಚು ಕಲಿಯುತ್ತದೆ ಎಂಬುದು ನನ್ನ ಅಭಿಪ್ರಾಯ.

ನಕ್ಷೆಗಳ ವಿಷಯ ತುಸು ಬೇರೆ. ವಿಮಾನಯಾನದ ಮಾಹಿತಿ ಜಗತ್ತಿನಾದ್ಯಂತ 28 ದಿನಗಳಿಗೊಮ್ಮೆ ಪರಿಷ್ಕಾರಗೊಳ್ಳುತ್ತದೆ. ಈ ಆವರ್ತಕ್ಕೆ ಐರಾಕ್ ಎಂದು ಹೆಸರು. ಹಳೆಯ ಸಿಮ್ಯುಲೇಟರ್ ಹಳೆಯ ಜಗತ್ತನ್ನೇ ತೋರಿಸುತ್ತದೆ. 2006ರಲ್ಲಿ ಬಂದ ಫ್ಲೈಟ್ ಸಿಮ್ಯುಲೇಟರ್ ಎಕ್ಸ್ ಇಂದಿಗೂ ಅನೇಕ ಹಳೆಯ ಕಂಪ್ಯೂಟರುಗಳಲ್ಲಿದೆ. ದೇವನಹಳ್ಳಿಯ ನಿಲ್ದಾಣ ತೆರೆದದ್ದು 2008ರ ಮೇ ತಿಂಗಳಲ್ಲಿ, ಕಣ್ಣೂರಿನದು 2018ರ ಡಿಸೆಂಬರಿನಲ್ಲಿ, ಕಲಬುರಗಿಯದು 2019ರ ನವೆಂಬರಿನಲ್ಲಿ. ಇವು ಆ ಸಿಮ್ಯುಲೇಟರಿನೊಳಗೆ ತಾವಾಗಿ ಬಂದು ಕೂರಲಾರವು. ಹೊಸ ಮಾಹಿತಿಗಾಗಿ ನ್ಯಾವಿಗ್ರಾಫ್‌ನಂತಹ ಸಂಸ್ಥೆಗಳು ಚಂದಾ ಪಡೆದು ಸೇವೆ ಕೊಡುತ್ತವೆ. ಜಾಲದ ಮೂಲಕ ಬೇರೆಯವರೊಂದಿಗೆ ಹಾರುತ್ತ, ನಿಯಂತ್ರಕರ ಸೂಚನೆಗಳನ್ನು ಪಾಲಿಸುವ ವ್ಯಾಟ್‌ಸಿಮ್‌ನಂತಹ ಕೂಟಗಳಲ್ಲಿ ಭಾಗವಹಿಸುವವರಿಗೆ ಹೊಸ ಮಾಹಿತಿಯಿಂದ ಅನುಕೂಲವುಂಟು. ಆ ಕೂಟಕ್ಕೆ ಸೇರುವುದು ಮಾತ್ರ ಉಚಿತ. ಮನೆಯಲ್ಲಿ ಒಬ್ಬನೇ ಮಂಗಳೂರಿನ ದಿಬ್ಬದ ಮೇಲಿನ ರನ್‌ವೇಯಲ್ಲಿ ಇಳಿಯುವ ಅಭ್ಯಾಸ ಮಾಡುವವನಿಗೆ ಕಳೆದ ವರ್ಷದ ಮಾಹಿತಿಯೇ ಧಾರಾಳ ಸಾಕು. ಲಿಟಲ್ ನ್ಯಾವ್‌ಮ್ಯಾಪ್ ಎಂಬ ಉಚಿತ ನಕ್ಷೆ ತಂತ್ರಾಂಶ ಸಿಮ್ಯುಲೇಟರಿನಲ್ಲಿರುವ ಮಾಹಿತಿಯನ್ನೇ ಓದಿ ಮಾರ್ಗ ರೂಪಿಸಿಕೊಡುತ್ತದೆ. ಸಿಮ್‌ಬ್ರೀಫ್ ಕೂಡ ಹಾರಾಟದ ಯೋಜನೆಯನ್ನು ಶುಲ್ಕವಿಲ್ಲದೆ ತಯಾರಿಸುತ್ತದೆ.

ಹವಾಮಾನದ ಆಡ್-ಆನ್‌ಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಈಚಿನ ಪ್ರಮುಖ ಸಿಮ್ಯುಲೇಟರುಗಳಲ್ಲಿ ನೈಜ ಹವಾಮಾನ ಮೊದಲೇ ಅಡಕವಾಗಿದೆ.

ಕಾಸರಗೋಡು, ವಯನಾಡಿನ ಪೋಷಕರು ಇನ್ನೊಂದು ಸಂಗತಿಯನ್ನು ನೋಡಿಕೊಳ್ಳಬೇಕು. ಕೇರಳದ ಶಾಲೆಗಳಿಗೆ ಕೈಟ್ ಸಂಸ್ಥೆ ಒದಗಿಸಿರುವ ಕಂಪ್ಯೂಟರುಗಳು ಲಿನಕ್ಸ್ ಆಧಾರಿತ ಸ್ವತಂತ್ರ ತಂತ್ರಾಂಶದಲ್ಲಿ ನಡೆಯುತ್ತವೆ. ಮಕ್ಕಳ ಪರಿಚಯವೂ ಅದರೊಂದಿಗೇ. ಎಫ್‌ಎಸ್‌ಯುಐಪಿಸಿಯೂ ಮೈಕ್ರೋಸಾಫ್ಟಿನ ಸಿಮ್ಯುಲೇಟರೂ ಲಿನಕ್ಸ್‌ಗಾಗಿ ತಯಾರಾದವಲ್ಲ. ಅಂತಹ ಕಂಪ್ಯೂಟರಿಗೆ ಫ್ಲೈಟ್‌ಗಿಯರ್ ಸೂಕ್ತ. ಅದು 1997ರಿಂದ ಸ್ವಯಂಸೇವಕರು ಬೆಳೆಸುತ್ತ ಬಂದ, ಪೂರ್ಣ ಉಚಿತ ಸಿಮ್ಯುಲೇಟರ್. ಒಳಗಿನ ಮೌಲ್ಯಗಳನ್ನು ಹೊರಗಿನಿಂದ ಓದುವ ವ್ಯವಸ್ಥೆ ಅದರಲ್ಲಿ ಮೊದಲಿನಿಂದಲೇ ಇದೆ. ಅದಕ್ಕಾಗಿ ಬೇರೆ ಆಡ್-ಆನ್ ಬೇಕಿಲ್ಲ. ಅದರ ದೃಶ್ಯಗಳು ಅಷ್ಟೇನೂ ಮನಮೋಹಕವಲ್ಲವೆಂದು ಮಕ್ಕಳು ಗೊಣಗುವುದುಂಟು. ಆ ಮಾತು ಸುಳ್ಳೂ ಅಲ್ಲ.

ಇಷ್ಟಾಗಿಯೂ ಕೊಳ್ಳುವುದೆಂದು ನಿರ್ಧರಿಸಿದರೆ ನಿಜವಾದ ಬೆಲೆಯನ್ನು ಲೆಕ್ಕ ಹಾಕಿ. ಬೆಲೆ 30 ಯೂರೋ ಇದೆ, ಒಂದು ಯೂರೋಗೆ 100 ರೂಪಾಯಿ ಎಂದು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಳ್ಳೋಣ. ಮೊತ್ತ 3,000 ರೂಪಾಯಿ. ಮಾರುವವರು ಶೇಕಡಾ 18 ತೆರಿಗೆ ಸೇರಿಸಿದರೆ 3,540. ವಿದೇಶಿ ಹಣದ ವಹಿವಾಟಿಗೆ ಬ್ಯಾಂಕು ಶೇಕಡಾ 3.5 ಶುಲ್ಕ ವಿಧಿಸಿದರೆ ಸುಮಾರು 124, ಆ ಶುಲ್ಕದ ಮೇಲಿನ ತೆರಿಗೆ 22. ಒಟ್ಟು 3,686 ರೂಪಾಯಿ. ಕಾರ್ಡಿನಲ್ಲಿ ಅಂತರರಾಷ್ಟ್ರೀಯ ವಹಿವಾಟಿನ ಅವಕಾಶವನ್ನು ಇದಕ್ಕಾಗಿ ತೆರೆದಿದ್ದರೆ ಕೆಲಸ ಮುಗಿದ ದಿನವೇ ಮುಚ್ಚಿಬಿಡಿ. ಚಂದಾ ರೂಪದ ಸೇವೆಯಾದರೆ ಪ್ರತಿ ಸಲ ತಾನಾಗಿ ಹಣ ಕಡಿತವಾಗುತ್ತದೆ. ಕಡಿತಕ್ಕೆ 24 ಗಂಟೆ ಮೊದಲು ಬ್ಯಾಂಕಿನಿಂದ ಸೂಚನೆ ಬರಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಆ ಸಂದೇಶವನ್ನು ಓದದೆ ಅಳಿಸಬೇಡಿ. ಸ್ಟೀಮ್ ಮಳಿಗೆಯಲ್ಲಿ ಕೊಂಡ ಆಟವಾದರೆ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಬಳಸಿದ್ದಲ್ಲಿ, ಹಣ ಹಿಂದಕ್ಕೆ ಕೇಳಬಹುದು. ಬೇರೆ ಮಳಿಗೆಗಳಲ್ಲಿ ಈ ಸೌಲಭ್ಯವಿದೆಯೆಂದು ಭಾವಿಸದೆ ಮೊದಲೇ ಷರತ್ತು ಓದಿಕೊಳ್ಳಬೇಕು.

ಒಂದು ಸಿಮ್ಯುಲೇಟರಿಗೆ ಕೊಂಡ ಪರವಾನಗಿ ಮುಂದಿನದಕ್ಕೆ ನಡೆಯುತ್ತದೆಂಬ ಭರವಸೆಯಿಲ್ಲ. ಎಫ್‌ಎಸ್‌ಯುಐಪಿಸಿಯ ನಾಲ್ಕನೆಯ ಆವೃತ್ತಿ 2006ರ ಸಿಮ್ಯುಲೇಟರಿಗೆ, ಏಳನೆಯದು 2020ರ ನಂತರದ್ದಕ್ಕೆ. ಪರವಾನಗಿಗಳು ಬೇರೆ ಬೇರೆ. ಆದ್ದರಿಂದ ಕಂಪ್ಯೂಟರ್ ಬದಲಿಸುವ ಯೋಚನೆಯಿದ್ದರೆ ಅದು ಮುಗಿಯುವವರೆಗೆ ಕಾಯುವುದು ಲೇಸು.

ಕಳ್ಳಪ್ರತಿಯ ದಾರಿಯನ್ನಂತೂ ಮಕ್ಕಳಿಗೆ ಬಿಡಬಾರದು. ಆಡ್-ಆನ್‌ಗಳ ಇನ್‌ಸ್ಟಾಲರ್‌ಗೆ ಕಂಪ್ಯೂಟರಿನ ಪೂರ್ಣ ಅಧಿಕಾರ ಕೊಡುತ್ತೇವೆ. 2018ರ ಫೆಬ್ರವರಿಯಲ್ಲಿ, ಕಳ್ಳಪ್ರತಿ ಬಳಸುವವರನ್ನು ಹಿಡಿಯಲೆಂದು ಹೆಸರಾಂತ ಆಡ್-ಆನ್ ತಯಾರಕರೊಬ್ಬರು ಬ್ರೌಸರಿನ ಪಾಸ್‌ವರ್ಡ್ ತೆಗೆಯುವ ಉಪಕರಣವನ್ನು ತಮ್ಮ ಇನ್‌ಸ್ಟಾಲರ್‌ನಲ್ಲಿಯೇ ಇಟ್ಟಿದ್ದುದು ಬಯಲಾಗಿ ದೊಡ್ಡ ಗದ್ದಲವಾಯಿತು. ಹೆಸರಿದ್ದವರ ಕಥೆಯೇ ಹೀಗಾದರೆ ಹೆಸರಿಲ್ಲದವರು ಹಂಚುವ ಕಡತವನ್ನು ನಂಬುವುದು ಹೇಗೆ? ಮನೆಯ ಬ್ಯಾಂಕ್ ವಹಿವಾಟೂ ಅದೇ ಕಂಪ್ಯೂಟರಿನಲ್ಲಿ ನಡೆಯುತ್ತದೆ.

ಇನ್ನು ಆ ತಂದೆಯ ಅಳುಕಿನ ಮಾತು. ಮನೆಯ ಕಂಪ್ಯೂಟರಿನಲ್ಲಿ ಸಾವಿರ ಗಂಟೆ ಹಾರಿಸಿದರೂ ಒಂದು ಗಂಟೆಯೂ ಪೈಲಟ್ ಪರವಾನಗಿಯ ಲೆಕ್ಕಕ್ಕೆ ಸೇರುವುದಿಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ವಾಣಿಜ್ಯ ಪರವಾನಗಿಗೆ ಕೇಳುವುದು 200 ಗಂಟೆಗಳ ನಿಜವಾದ ಹಾರಾಟ. ತರಬೇತಿಯಲ್ಲಿ ಸಿಮ್ಯುಲೇಟರಿಗೆ ಸೀಮಿತ ಸ್ಥಾನವಿದ್ದರೂ ಅದು ನಿರ್ದೇಶನಾಲಯ ಅನುಮೋದಿಸಿದ ಯಂತ್ರವಾಗಿರಬೇಕು. ಹನ್ನೆರಡನೆಯ ತರಗತಿಯವರೆಗೆ ಭೌತಶಾಸ್ತ್ರ ಮತ್ತು ಗಣಿತವನ್ನು ಗಟ್ಟಿಯಾಗಿ ಓದಿಕೊಳ್ಳುವುದು, ವೈದ್ಯಕೀಯ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದು ಇವು ಮುಖ್ಯ. ಇಂಗ್ಲಿಷ್‌ನಲ್ಲಿ ಓದಿ, ಬರೆದು, ರೇಡಿಯೋದಲ್ಲಿ ಸ್ಪಷ್ಟವಾಗಿ ಮಾತನಾಡುವ ಸಾಮರ್ಥ್ಯವೂ ಬೇಕೇ ಬೇಕು. ಆದರೆ ಶಾಲೆಯಲ್ಲಿ ಓದಿದ ಮಾಧ್ಯಮ ಇಂಗ್ಲಿಷೇ ಆಗಿರಬೇಕೆಂಬ ಷರತ್ತಿಲ್ಲ. ಗಾಳಿ ರೆಕ್ಕೆಯನ್ನು ಮೇಲಕ್ಕೆತ್ತುವ ಬಗೆಯನ್ನು ಕನ್ನಡದಲ್ಲಿ ಚೆನ್ನಾಗಿ ಅರಿತ ಮಗುವಿಗೆ ರೇಡಿಯೋದ ಇಂಗ್ಲಿಷ್ ಕಲಿಯುವುದು ಅಸಾಧ್ಯವೇನಲ್ಲ. ಆಡ್-ಆನ್ ಕೊಡಿಸದ ಕಾರಣಕ್ಕೆ ಯಾರ ದಾರಿಯೂ ಮುಚ್ಚುವುದಿಲ್ಲವೆಂದು ನಾನು ಅವರಿಗೆ ಹೇಳಿದೆ.

ಹಾಗೆಂದು ಸಿಮ್ಯುಲೇಟರ್ ವ್ಯರ್ಥವೆಂದಲ್ಲ. ದಿಕ್ಸೂಚಿಯ ಕೋನ, ಇಳಿಯುವ ದರ, ಎದುರುಗಾಳಿಯ ಲೆಕ್ಕ ಇವೆಲ್ಲ ಅಲ್ಲಿ ಜೀವಂತ ಪಾಠಗಳು. ಮಗು ಆಡ್-ಆನ್ ಕೇಳಿದಾಗ ಒಂದು ಹಾಳೆ ಕೊಟ್ಟು, ಈಗ ಯಾವ ಕೆಲಸ ಆಗುತ್ತಿಲ್ಲ, ಈ ತಂತ್ರಾಂಶದ ಯಾವ ಸೌಲಭ್ಯ ಅದನ್ನು ಸರಿಪಡಿಸುತ್ತದೆ, ಉಚಿತವಾದ ಯಾವುದನ್ನು ಬಳಸಿ ನೋಡಿದ್ದಾನೆ ಎಂಬುದನ್ನು ಕನ್ನಡದಲ್ಲಿಯೇ ಬರೆಯಲು ಹೇಳಿ. ಉಚಿತ ಆವೃತ್ತಿಯನ್ನು ಒಂದು ತಿಂಗಳು ಬಳಸಿದ ಮೇಲೆ ಹಾಳೆಯನ್ನು ಇಬ್ಬರೂ ಕೂತು ಮತ್ತೆ ಓದಿ. ಆಗಲೂ ಕೊರತೆ ಹಾಗೆಯೇ ಉಳಿದಿದ್ದರೆ, ಮನೆಯ ಖರ್ಚು ತಾಳುವಂತಿದ್ದರೆ, ಕೊಡಿಸಲು ಹಿಂಜರಿಯಬೇಕಾಗಿಲ್ಲ.