ರಿಕೋಟಾ ತುಂಬಿದ ಕ್ಯಾನೆಲ್ಲೋನಿ

ಪಾಸ್ತಾ ಹಾಳೆಯಲ್ಲಿ ಹೂರಣವಿಟ್ಟು ಸುರುಳಿ ಸುತ್ತಿ, ಮೇಲೆ ಸಾಸ್ ಹೊಯ್ದು ಓವನ್ನಿನಲ್ಲಿ ಬೇಯಿಸುವ ಇಟಲಿಯ ತಿನಿಸು ಕ್ಯಾನೆಲ್ಲೋನಿ. ಅಲ್ಲಿಂದ ಸ್ಪೇನಿನ ಕ್ಯಾಟಲೋನಿಯಾಕ್ಕೂ ಹೋಗಿ ನೆಲೆಸಿದ ಇದು ಡಿಸೆಂಬರ್ 26ರ ಹಬ್ಬದೂಟದಲ್ಲಿ ಇರಲೇಬೇಕು. ಅಲ್ಲಿನವರು ತುಂಬುವುದು ಕೊಚ್ಚಿದ ಮಾಂಸ. ಇಟಲಿಯ ಮನೆಗಳಲ್ಲಿ ರಿಕೋಟಾ ಚೀಸ್ ಮತ್ತು ಪಾಲಕ್ ಸೊಪ್ಪಿನ ಹೂರಣವೂ ಅಷ್ಟೇ ಬಳಕೆಯಲ್ಲಿದೆ.

ಹಾಳೆಗೆ ಬೊಲೊನ್ಯಾ ಕಡೆಯ ಲೆಕ್ಕ ಸರಳ: 100 ಗ್ರಾಂ ಮೈದಾಗೆ ಒಂದು ಮೊಟ್ಟೆ. ನಾಲ್ವರಿಗೆ 300 ಗ್ರಾಂ ಹಿಟ್ಟು, ಮೂರು ಮೊಟ್ಟೆ ಸಾಕು, ನೀರು ಬೇಡ. ಹಿಟ್ಟು ಪೂರಿಗೆ ಕಲಸಿದಷ್ಟು ಗಟ್ಟಿಯಾಗಿರಬೇಕು. ಹತ್ತು ನಿಮಿಷ ಚೆನ್ನಾಗಿ ನಾದಿ, ಮುಚ್ಚಿ, ಅರ್ಧ ಗಂಟೆ ಬಿಡುವುದು ಕಡ್ಡಾಯ. ನಾದುವಾಗ ಬಿಗಿಯಾದ ಗ್ಲುಟೆನ್ ಅಷ್ಟರಲ್ಲಿ ಸಡಿಲವಾಗುತ್ತದೆ. ಇಲ್ಲದಿದ್ದರೆ ಲಟ್ಟಿಸಿದಷ್ಟೂ ಹಿಟ್ಟು ಹಿಂದಕ್ಕೆ ಕುಗ್ಗುತ್ತದೆ. ಸುಮಾರು ಒಂದು ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, ಅಂಗೈಯಗಲದ ಚೌಕಗಳಾಗಿ ಕತ್ತರಿಸಿ, ಉಪ್ಪು ಹಾಕಿದ ಕುದಿಯುವ ನೀರಿನಲ್ಲಿ ಒಂದು ನಿಮಿಷ ಬೇಯಿಸಿ, ತಣ್ಣೀರಿಗೆ ಹಾಕಿ ತೆಗೆದು ಬಟ್ಟೆಯ ಮೇಲೆ ಹರಡಬೇಕು. ಮೊಟ್ಟೆ ತಿನ್ನದವರು ದಕ್ಷಿಣ ಇಟಲಿಯ ದಾರಿ ಹಿಡಿಯಬಹುದು. ಅಲ್ಲಿ ಡ್ಯೂರಮ್ ಗೋಧಿಯ ನುಣ್ಣನೆ ರವೆಯನ್ನು ಬರೀ ನೀರಿನಲ್ಲೇ ಕಲಸುತ್ತಾರೆ.

ರಿಕೋಟಾ ಹುಟ್ಟುವುದು ಚೀಸ್ ಮಾಡಿ ಉಳಿದ ಹಾಲೊಡಕಿನಿಂದ. ಅದನ್ನು 80–90 ಡಿಗ್ರಿಗೆ ಕಾಯಿಸಿದಾಗ ಅದರಲ್ಲಿನ ಪ್ರೋಟೀನ್ ಮೃದುವಾದ ಗರಣೆಗಳಾಗಿ ಮೇಲೇಳುತ್ತದೆ. ಇದು ಮೊಝರೆಲ್ಲಾದಂತೆ ಕರಗಿ ಹರಿಯುವುದಿಲ್ಲ, ಹಾಗಾಗಿಯೇ ಹೂರಣಕ್ಕೆ ಹೇಳಿ ಮಾಡಿಸಿದ್ದು. ಓವನ್ನಿನ ಬಿಸಿಗೂ ಸುರುಳಿಯೊಳಗೇ ನಿಲ್ಲುತ್ತದೆ. ಕಾದ ಹಾಲಿಗೆ ನಿಂಬೆರಸ ಹಿಂಡಿ ಒಡೆಸಿದ ಮೆತ್ತನೆಯ ಛೇನಾ ನಿಜವಾದ ರಿಕೋಟಾ ಅಲ್ಲ, ಆದರೆ ಇಲ್ಲಿ ಅದರ ಕೆಲಸ ಮಾಡಬಲ್ಲದು.

ಹೂರಣ ಕೆಡುವುದು ಹೆಚ್ಚಾಗಿ ನೀರಿನಿಂದ. 500 ಗ್ರಾಂ ರಿಕೋಟಾವನ್ನು ಬಟ್ಟೆಯಲ್ಲಿ ಕಟ್ಟಿ ಸೋರಲು ಬಿಡಬೇಕು. ಅಷ್ಟೇ ತೂಕದ ಪಾಲಕ್ ಬೇಯಿಸಿ, ಮುಷ್ಟಿಯಲ್ಲಿ ಹಿಂಡಿ, ಹಸಿರು ನೀರು ತೊಟ್ಟಿಕ್ಕುವುದು ನಿಂತ ಮೇಲೆ ಇನ್ನೊಮ್ಮೆ ಹಿಂಡಿ ಸಣ್ಣಗೆ ಹೆಚ್ಚಬೇಕು. ದೊಡ್ಡ ಕಟ್ಟು ಸೊಪ್ಪು ಒಂದು ಹಿಡಿಗೆ ಇಳಿಯುತ್ತದೆ, ಗಾಬರಿಯಾಗಬೇಕಿಲ್ಲ. ಇವೆರಡಕ್ಕೆ ಒಂದು ಮೊಟ್ಟೆ, ತುರಿದ ಪಾರ್ಮಿಜಾನೊ, ಉಪ್ಪು, ಚಿಟಿಕೆ ಜಾಯಿಕಾಯಿ ಪುಡಿ ಸೇರುತ್ತವೆ. ಪಾರ್ಮಿಜಾನೊ ರೆಜ್ಜಾನೊ ಮಾಡಲು ಹಾಲನ್ನು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಶುದ್ಧ ಸಸ್ಯಾಹಾರಿಗಳು ಸಸ್ಯಜನ್ಯ ರೆನೆಟ್ಟಿನ ಗಟ್ಟಿ ಚೀಸ್ ಹುಡುಕಿಕೊಳ್ಳುವುದು ಒಳ್ಳೆಯದು.

ಬೆಷಮೆಲ್ ಸಾಸಿಗೆ 50 ಗ್ರಾಂ ಬೆಣ್ಣೆಯಲ್ಲಿ 50 ಗ್ರಾಂ ಮೈದಾವನ್ನು ಹಸಿ ವಾಸನೆ ಹೋಗುವವರೆಗೆ ಹುರಿದು, ಮುಕ್ಕಾಲು ಲೀಟರ್ ಹಾಲನ್ನು ಸ್ವಲ್ಪಸ್ವಲ್ಪವೇ ಸುರಿಯುತ್ತಾ ಗಂಟಾಗದಂತೆ ಕೈಯಾಡಿಸಬೇಕು. ಇದು ರುಚಿಗೆ ಮಾತ್ರವಲ್ಲ, ಹಾಳೆ ಒಣಗಿ ಗಟ್ಟಿಯಾಗದಂತೆ ಕಾಯುವುದೂ ಇದೇ. ನೇಪಲ್ಸ್ ಸುತ್ತಲಿನವರು ಟೊಮೆಟೊ ಸಾಸ್, ಮೊಝರೆಲ್ಲಾ ಮೆಚ್ಚುತ್ತಾರೆ.

ಪಾತ್ರೆಯ ತಳಕ್ಕೆ ಸಾಸ್ ಸವರಿ, ಹೂರಣವಿಟ್ಟು ಸುತ್ತಿದ ಸುರುಳಿಗಳನ್ನು ಅಂಚು ಕೆಳಗಾಗಿ ಒತ್ತೊತ್ತಾಗಿ ಜೋಡಿಸಿ, ಉಳಿದ ಸಾಸನ್ನು ಮೂಲೆಮೂಲೆಗೂ ಹೊಯ್ದು, ಚೀಸ್ ಉದುರಿಸಿ 180 ಡಿಗ್ರಿಯಲ್ಲಿ ಅರ್ಧ ಗಂಟೆ ಇಡಬೇಕು. ಅಂಚು ಕುದಿದು ಮೇಲೆ ಕಂದು ಚುಕ್ಕೆ ಮೂಡಿದರೆ ಆಯಿತು. ಹೊರತೆಗೆದು ಹತ್ತು ನಿಮಿಷ ಬಿಟ್ಟರೆ ಹೂರಣ ಕೂಡಿಕೊಂಡು, ಬಡಿಸುವಾಗ ಸುರುಳಿ ಒಡೆಯುವುದಿಲ್ಲ. ಹಿಂದಿನ ದಿನವೇ ಜೋಡಿಸಿ ಫ್ರಿಜ್ಜಿನಲ್ಲಿಟ್ಟಿದ್ದರೆ, ಬೇಯಲು ಇನ್ನೊಂದು ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ.